ಹನ್ನೊಂದು ಅಂಕಿಗಳ ಹಾರ



ಈ ತಿಂಗಳು ಒಂದೇ ಒಂದು ಸಂಖ್ಯೆಯ ವಿಷಯ ಬರೆಯುವುದೆಂದು ಮಾಡಿದ್ದೇವೆ. ಆ ಸಂಖ್ಯೆ ಇದು:

12345654321

ನಮ್ಮ ರೂಢಿಯಂತೆ ಓದಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಅಂಕಿಗಳು ಹನ್ನೊಂದು. ಎಡಗಡೆಯಿಂದ ಓದಿರಿ, ಬಲಗಡೆಯಿಂದ ಓದಿರಿ, ಎರಡೂ ಒಂದೇ. ಒಂದರಿಂದ ಆರರವರೆಗೆ ಮೆಟ್ಟಿಲು ಏರಿ, ಆರರಿಂದ ಒಂದರವರೆಗೆ ಇಳಿದು ಬರುತ್ತದೆ. ಕೊರಳ ಹಾರದಲ್ಲಿ ನಟ್ಟನಡುವೆ ದೊಡ್ಡ ಮಣಿ, ಎರಡೂ ಬದಿಗೆ ಸಣ್ಣದಾಗುತ್ತ ಹೋಗುವ ಮಣಿಗಳು ಇರುತ್ತವಲ್ಲ, ಹಾಗೆ.

ಈ ಸಂಖ್ಯೆ ಇಂದು ನಿನ್ನೆ ಯಾರೋ ಕಟ್ಟಿದ್ದಲ್ಲ. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇದು ಬಂದಿದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲ ಅದು. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಅಕ್ಕಲಕೋಟ, ಸೊಲ್ಲಾಪುರದ ಕಡೆಯಿಂದ ಹೊರಟು ಕಲಬುರಗಿ ದಾಟಿ ಸೇಡಂ ರಸ್ತೆ ಹಿಡಿದರೆ ಕಾಗಿಣಾ ನದಿಯ ದಂಡೆಯ ಮೇಲೆ ಆ ಊರು ಸಿಗುತ್ತದೆ. ಗ್ರಂಥ ಸಂಸ್ಕೃತದಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನೆಂಬುದು ಆದೋನಿ, ರಾಯದುರ್ಗದ ಕಡೆಯ ನಮ್ಮ ಬಂಧುಗಳಿಗೆ ಸಂತೋಷದ ಮಾತು. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದನು. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಅದು ಹೊರದೇಶದ ಪಂಡಿತರ ಕೈಗೂ ಸೇರಿತು.

ಆಚಾರ್ಯರು ಈ ಸಂಖ್ಯೆಯನ್ನು ಹೇಳುವ ರೀತಿಯೇ ಸೊಗಸು. ಕೋಟಿ, ಲಕ್ಷ ಎಂದು ಎಣಿಸುತ್ತ ಕೂಡುವುದಿಲ್ಲ. ಒಂದರಿಂದ ಹೊರಟು ಆರರವರೆಗೆ ಹೋಗಿ, ಅಲ್ಲಿಂದ ಕ್ರಮವಾಗಿ ಕಡಿಮೆಯಾಗುವುದು ಎಂಬ ಅರ್ಥದ ಮಾತಿನಲ್ಲಿ ಮುಗಿಸುತ್ತಾರೆ. ಅವರು ಏಕ, ದಶ, ಶತ ಎಂದು ಒಟ್ಟು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಹನ್ನೊಂದನೆಯದು ಅರ್ಬುದ. ನಮ್ಮ ಹಾರದ ಮೊದಲ ಒಂದು ಅರ್ಬುದ ಸ್ಥಾನದಲ್ಲಿದೆ.

ಇಷ್ಟು ಹೇಳಿ ‘ನಮ್ಮ ಹಿರಿಯರು ಎಷ್ಟು ದೊಡ್ಡವರು’ ಎಂದು ಕೈಮುಗಿದು ಅಂಕಣ ಮುಗಿಸಬಹುದಿತ್ತು. ಆದರೆ ನಾವು ವ್ಯಾಪಾರಸ್ಥರು. ಮಾಲನ್ನು ಚೀಲದ ಮೇಲಿಂದ ನೋಡಿ ದರ ಹೇಳುವವರಲ್ಲ, ಬಿಚ್ಚಿ ಅಂಗೈಯಲ್ಲಿ ಹಿಡಿದು ನೋಡುವವರು. ಈ ಸಂಖ್ಯೆಯನ್ನೂ ಬಿಚ್ಚಿ ನೋಡೋಣ. ಮನೆಯ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು, ಕಾಗದ ಪೆನ್ಸಿಲು ಹಿಡಿದು ಓದಬೇಕೆಂದು ವಿನಂತಿ.

ಮೊದಲು ಇದು ಹೇಗೆ ಹುಟ್ಟಿತು ಎಂಬುದು. ಬರೀ ಒಂದರ ಅಂಕಿಗಳಿಂದ ಆದ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋಗಿರಿ:

11 × 11 = 121
111 × 111 = 12321
1111 × 1111 = 1234321
11111 × 11111 = 123454321
111111 × 111111 = 12345654321

ಅಂದರೆ ನಮ್ಮ ಹಾರವು 111111ರ ವರ್ಗ. ಕಾರಣವೂ ಸರಳ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಆರು ಸಾಲು ಬರುತ್ತವೆ. ಎಲ್ಲ ಸಾಲುಗಳೂ 111111; ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡಿಸುವಾಗ ಬಲತುದಿಯ ಮನೆಯಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು ಒಂದು, ಆಮೇಲೆ ಮೂರು. ಹೀಗೆ ನಡುವೆ ಮಾತ್ರ ಆರೂ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಅಲ್ಲಿಂದ ಆಚೆ ಮತ್ತೆ ಒಂದೊಂದೇ ಕಡಿಮೆ. ಕೈಯಲ್ಲಿ ದಶಕ ಹಿಡಿಯುವ ಪ್ರಸಂಗವೇ ಬರುವುದಿಲ್ಲ.

ಈ ಹಾರ ಎಲ್ಲಿಯವರೆಗೆ ಬೆಳೆಯುತ್ತದೆ? ಒಂಬತ್ತು ಒಂದುಗಳವರೆಗೆ. 111111111ರ ವರ್ಗ 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಮನೆಯಲ್ಲಿ ಹತ್ತು ಬಂದು ದಶಕ ಎಡಕ್ಕೆ ಹೋಗುತ್ತದೆ, ಹಾರ ಹರಿಯುತ್ತದೆ. ಆಗ ಬರುವುದು 1234567900987654321. ಏರುವ ಬದಿಯ ಎಂಟು ಮಾಯವಾಗಿ ಎರಡು ಸೊನ್ನೆ ನಡುವೆ ಕೂತಿವೆ ನೋಡಿರಿ.

ಇಲ್ಲಿ ಯಂತ್ರದ ಮಾತು ಬರುತ್ತದೆ. ಎಂಟು ಅಂಕಿಗಳ ಸಾದಾ ಕ್ಯಾಲ್ಕ್ಯುಲೇಟರಿನಲ್ಲಿ ನಮ್ಮ ಹನ್ನೊಂದು ಅಂಕಿಗಳ ಹಾರ ಹಿಡಿಸುವುದೇ ಇಲ್ಲ. ಅದು ಹಿಡಿಸುವುದಿಲ್ಲವೆಂದು ಗುರುತು ತೋರಿಸಿ ಸುಮ್ಮನಾಗುತ್ತದೆ, ಅದು ಪ್ರಾಮಾಣಿಕತೆಯೇ. ಆದರೆ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಒಂಬತ್ತು ಒಂದುಗಳ ವರ್ಗವನ್ನು ಪೂರ್ಣ ಸಂಖ್ಯೆಯಾಗಿ ತೋರಿಸೆಂದು ಕೇಳಿರಿ. ಅದು 12345678987654300 ಎಂದು ತೋರಿಸುತ್ತದೆ. ಹದಿನೈದು ಅಂಕಿಗಳವರೆಗೆ ಮಾತ್ರ ಅದರ ಹಿಡಿತ. ಮುಂದಿನ ಜಾಗಕ್ಕೆ ಸೊನ್ನೆ ತುಂಬುತ್ತದೆ. ಇದು ಅದರ ಕಟ್ಟಳೆ, ಅವರೇ ಹೇಳಿಟ್ಟಿದ್ದಾರೆ. ಆದರೆ ನೋಡುವವನಿಗೆ ಆ ಕಟ್ಟಳೆ ಗೊತ್ತಿರಬೇಕಲ್ಲ! ಒಂದರಿಂದ ಮುಗಿಯುವ ಸಂಖ್ಯೆಯನ್ನು ಒಂದರಿಂದ ಮುಗಿಯುವ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಒಂದರಿಂದಲೇ ಮುಗಿಯಬೇಕು. ಮಗ್ಗಿ ಬಲ್ಲ ಮೂರನೆಯ ಇಯತ್ತೆಯ ಹುಡುಗಿ ಸಹ ‘ಅಜ್ಜಾ, ಕೊನೆಗೆ ಸೊನ್ನೆ ಹೇಗೆ ಬಂತು?’ ಎಂದು ಕೇಳಬಲ್ಲಳು. ಆ ಪ್ರಶ್ನೆ ಕೇಳುವ ಬುದ್ಧಿ ಮನೆಯಲ್ಲಿ ಉಳಿಯಬೇಕು.

ಈಗ ಹಾರದ ದಾರವನ್ನು ಬಿಚ್ಚೋಣ. 111111 ಎಂದರೆ 111 × 1001. ಅದರಲ್ಲಿ 111 ಎಂದರೆ 3 × 37. 1001 ಎಂದರೆ 7 × 11 × 13. ಆದ್ದರಿಂದ 111111ರ ಒಳಗೆ ಐದು ಅವಿಭಾಜ್ಯ ಸಂಖ್ಯೆಗಳಿವೆ: 3, 7, 11, 13, 37. ನಮ್ಮ ಹಾರ ಅದರ ವರ್ಗವಾದ್ದರಿಂದ ಈ ಐದೂ ಎರಡೆರಡು ಸಲ ಬರುತ್ತವೆ. ಪ್ರತಿಯೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಮೂರು ದಾರಿ. ಐದಕ್ಕೂ ಮೂರು ಮೂರು ದಾರಿಯೆಂದರೆ 3 × 3 × 3 × 3 × 3 = 243. ಒಂದು ಮತ್ತು ತಾನು ಸೇರಿ 243 ಸಂಖ್ಯೆಗಳಿಂದ ಈ ಹಾರ ಶೇಷವಿಲ್ಲದೆ ಭಾಗವಾಗುತ್ತದೆ. ಸಾವಿರದ ಚಿಲ್ಲರೆ ಕೋಟಿ ರೂಪಾಯಿ ಯಾರ ಕೈಯಲ್ಲೂ ಇಲ್ಲದಿದ್ದರೂ, ಇದ್ದರೆ ಜಗಳವಿಲ್ಲದೆ ಹಂಚಲು ಇಷ್ಟು ದಾರಿ!

ಇದನ್ನು ನಮ್ಮ ಮಾತಿನ ಮೇಲೆ ನಂಬಬೇಡಿರಿ. ಪರೀಕ್ಷೆ ಮಾಡಿರಿ. ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿರಿ: 321, 654, 345, 12. ಒಂದನೆಯದನ್ನೂ ಮೂರನೆಯದನ್ನೂ ಕೂಡಿಸಿದರೆ 321 + 345 = 666. ಎರಡನೆಯದನ್ನೂ ನಾಲ್ಕನೆಯದನ್ನೂ ಕೂಡಿಸಿದರೆ 654 + 12 = 666. ಎರಡೂ ಸಮ. ಸಾವಿರವೆಂದರೆ 1001ಕ್ಕೆ ಒಂದು ಕಡಿಮೆ. ಆದ್ದರಿಂದ ಹೀಗೆ ಬಿಟ್ಟು ಬಿಟ್ಟು ಕೂಡಿಸಿದ ಮೊತ್ತಗಳು ಸಮ ಬಂದರೆ ಸಂಖ್ಯೆ 1001ರಿಂದ ಭಾಗವಾಗುತ್ತದೆ, ಅಂದರೆ 7ರಿಂದ, 11ರಿಂದ, 13ರಿಂದ ಕೂಡ. ನಾಲ್ಕು ಗುಂಪುಗಳನ್ನೂ ಒಟ್ಟು ಕೂಡಿಸಿದರೆ 1332. ಅದು 37 × 36. 999 ಎಂಬುದು 37ರ ಮಗ್ಗಿಯಲ್ಲಿ ಬರುವುದರಿಂದ, ಈ ಮೊತ್ತ 37ರಿಂದ ಭಾಗ ಹೋದರೆ ಪೂರ್ಣ ಸಂಖ್ಯೆಯೂ ಹೋಗುತ್ತದೆ. ಇನ್ನು ಎಲ್ಲ ಅಂಕಿಗಳ ಮೊತ್ತ 36. ಅದು ಒಂಬತ್ತರಿಂದ ಭಾಗವಾಗುತ್ತದೆ, ಆದ್ದರಿಂದ ಹಾರವೂ ಒಂಬತ್ತರಿಂದ ಭಾಗವಾಗುತ್ತದೆ. ಹನ್ನೊಂದು ಅಂಕಿಗಳ ಸಂಖ್ಯೆಯ ಹೊಟ್ಟೆಯಲ್ಲಿ ಏನಿದೆ ಎಂಬುದು ನಾಲ್ಕು ಸಣ್ಣ ಕೂಡಿಕೆಯಲ್ಲಿ ತಿಳಿಯಿತು.

ಆಚಾರ್ಯರು ಈ ಹಾರವನ್ನು 111111ರ ವರ್ಗವೆಂದು ಸುಲಭದ ದಾರಿಯಲ್ಲಿ ಕೊಡಲಿಲ್ಲ. ಗುಣಾಕಾರದ ಲೆಕ್ಕವಾಗಿ ಕೊಟ್ಟದ್ದು ಹೀಗೆ: 27994681ನ್ನು 441ರಿಂದ ಗುಣಿಸು. ನೋಡಲು ಒಣ ಲೆಕ್ಕ. ಮಾಡಿದರೆ:

27994681 × 1 = 27994681
27994681 × 40 = 1119787240
27994681 × 400 = 11197872400
ಒಟ್ಟು = 12345654321

ಕಷ್ಟಪಟ್ಟು ಗುಣಿಸಿದ ವಿದ್ಯಾರ್ಥಿಗೆ ಕೊನೆಯ ಸಾಲಿನಲ್ಲಿ ಹಾರ ಸಿಗುತ್ತದೆ. ತಪ್ಪಿದರೆ ಹಾರ ಕೂಡುವುದಿಲ್ಲ, ತಪ್ಪಿದ್ದು ಅವನಿಗೇ ಗೊತ್ತಾಗುತ್ತದೆ. ಗುರುಗಳು ಪಕ್ಕದಲ್ಲಿ ನಿಂತು ಕಿವಿ ಹಿಂಡಬೇಕಾಗಿಲ್ಲ. ಇನ್ನೊಂದು ಗುಟ್ಟು ಸಹ ಇದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 × 5291 ಮಾಡಿದರೆ ಮತ್ತೆ 111111. ಹಾರದ ಐದು ಮಣಿಗಳಲ್ಲಿ 3 ಮತ್ತು 7 ಒಂದು ಕಡೆ, 11, 13 ಮತ್ತು 37 ಇನ್ನೊಂದು ಕಡೆ.

ಆದರೆ ವ್ಯವಹಾರದಲ್ಲಿ ಬರುವ ಉತ್ತರಗಳು ಹಾರದ ಹಾಗೆ ಚೆಂದವಾಗಿ ಇರುವುದಿಲ್ಲವಲ್ಲ. ಅಲ್ಲಿ ತಾಳೆ ನೋಡುವುದು ಹೇಗೆ? ಹಳೆಯ ದಿವಾಣಜಿಗಳು ಒಂಬತ್ತರ ತಾಳೆ, ಹನ್ನೊಂದರ ತಾಳೆ ಎಂದು ಎರಡು ಮಾಡುತ್ತಿದ್ದರು. ಒಂಬತ್ತರ ತಾಳೆಯಲ್ಲಿ ಅಂಕಿಗಳನ್ನು ಕೂಡಿಸಿ ಒಂದೇ ಅಂಕಿಗೆ ತರಬೇಕು. ಹನ್ನೊಂದರ ತಾಳೆಯಲ್ಲಿ ಬಲಗಡೆಯಿಂದ ಒಂದನ್ನು ಕೂಡಿಸಿ, ಮುಂದಿನದನ್ನು ಕಳೆದು, ಮತ್ತೆ ಕೂಡಿಸಿ, ಮತ್ತೆ ಕಳೆದು ಹೋಗಬೇಕು. ಗುಣ್ಯ, ಗುಣಕಗಳಿಗೆ ಬಂದ ಅಂಕಿಗಳನ್ನು ಗುಣಿಸಿದಾಗ ಬರುವುದೂ, ಉತ್ತರಕ್ಕೆ ಬಂದದ್ದೂ ಹೊಂದಬೇಕು.

ಆಚಾರ್ಯರ ಲೆಕ್ಕದ ಮೇಲೆಯೇ ಇವನ್ನು ಪ್ರಯೋಗಿಸೋಣ. ಒಬ್ಬ ಹುಡುಗ 27994681ನ್ನು ಅವಸರದಲ್ಲಿ 27994861 ಎಂದು ಬರೆದುಕೊಂಡು 441ರಿಂದ ಗುಣಿಸಿದ ಎನ್ನಿರಿ. ಅವನ ಉತ್ತರ 12345733701. ಅಂಕಿಗಳ ಮೊತ್ತ 36, ಅಂದರೆ ಒಂಬತ್ತು. ಸರಿಯಾದ ಉತ್ತರದ ಮೊತ್ತವೂ 36. ಒಂಬತ್ತರ ತಾಳೆ ‘ಸರಿ’ ಎಂದುಬಿಟ್ಟಿತು! ಹನ್ನೊಂದರ ತಾಳೆಯಲ್ಲಿ ಮಾತ್ರ ಸೊನ್ನೆ ಬರಬೇಕಾದಲ್ಲಿ ನಾಲ್ಕು ಬಂದು ಕಳ್ಳ ಸಿಕ್ಕಿಬಿದ್ದ.

ಇನ್ನೊಬ್ಬ ಹುಡುಗ ಮೇಲಿನ ಸಂಖ್ಯೆಯನ್ನು ಸರಿಯಾಗಿ ಬರೆದು, ಕೆಳಗೆ 441ರ ಬದಲು 414 ಬರೆದ. ಅವನ ಉತ್ತರ 11589797934. ಅಂಕಿಗಳ ಮೊತ್ತ 63, ಒಂಬತ್ತಕ್ಕೆ ಸರಿ. ಬಿಟ್ಟು ಬಿಟ್ಟು ಕೂಡಿ ಕಳೆದರೆ ಹನ್ನೊಂದು, ಅದಕ್ಕೂ ಸರಿ. ಎರಡೂ ಕಾವಲುಗಾರರು ಸಲಾಮು ಹೊಡೆದು ಒಳಗೆ ಬಿಟ್ಟರು. ಲೆಕ್ಕ ಮಾತ್ರ ಶುದ್ಧ ತಪ್ಪು, ಎಪ್ಪತ್ತೈದು ಕೋಟಿಗೂ ಹೆಚ್ಚು ಕಡಿಮೆ!

ಹೀಗೇಕಾಯಿತು? 27994681 ಹನ್ನೊಂದರ ಮಗ್ಗಿಯಲ್ಲೇ ಬರುವ ಸಂಖ್ಯೆ. ಅದನ್ನು ಯಾವುದರಿಂದ ಗುಣಿಸಿದರೂ ಹನ್ನೊಂದರ ತಾಳೆಯಲ್ಲಿ ಸೊನ್ನೆಯೇ. ಕೆಳಗಿನ ಗುಣಕ ತಪ್ಪಿದರೆ ಅದಕ್ಕೆ ಕಾಣಿಸದು. ಒಂಬತ್ತರ ತಾಳೆಗಾದರೋ ಅಂಕಿಗಳ ಮೊತ್ತ ಮಾತ್ರ ಬೇಕು, ಅವು ನಿಂತ ಜಾಗ ಬೇಡ. ಅಂಕಿ ಅದಲು ಬದಲಾದರೆ ಅದಕ್ಕೆ ಎಂದೂ ತಿಳಿಯದು. ಹಾಗಾದರೆ ಈ ಹುಡುಗನ ತಪ್ಪನ್ನು ಹಿಡಿಯುವವರು ಯಾರು? ಕೊನೆಯ ಅಂಕಿ. ಮೂಲ ಲೆಕ್ಕದಲ್ಲಿ ಒಂದು ಒಂದಲೆ ಒಂದು. ಇವನ ಉತ್ತರದಲ್ಲಿ ನಾಲ್ಕು. ಅಂದಾಜು ಕೂಡ ಹಿಡಿಯುತ್ತದೆ. ಎರಡು ಕೋಟಿ ಎಂಬತ್ತು ಲಕ್ಷವನ್ನು 440ರಿಂದ ಗುಣಿಸಿದರೆ 1232 ಕೋಟಿ ಆಗಬೇಕು. ಇವನದು 1158 ಕೋಟಿಗೆ ನಿಂತಿದೆ. ನಾವು ಸಣ್ಣವರಿದ್ದಾಗ ಹಿರಿಯರು ಸವಾಯಿ, ದೀಡಕಿ ಬಾಯಿಪಾಠ ಮಾಡಿಸಿ, ಕಾಗದ ಮುಟ್ಟುವ ಮೊದಲೇ ‘ಅಂದಾಜು ಎಷ್ಟಾದೀತು ಹೇಳು’ ಎನ್ನುತ್ತಿದ್ದುದು ಇದಕ್ಕೇ.

ಈ ಹಾರ ನಮಗೆ ಕಲಿಸುವ ಮಾತು ಇಷ್ಟೇ. ತಾಳೆ ಹೊಂದದಿದ್ದರೆ ಲೆಕ್ಕ ತಪ್ಪೆಂಬುದು ಖಂಡಿತ. ತಾಳೆ ಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯೆಂಬುದು ಖಂಡಿತವಲ್ಲ. ಪ್ರತಿಯೊಂದು ಪರೀಕ್ಷೆಗೂ ಕಾಣದ ಮೂಲೆಯೊಂದು ಇರುತ್ತದೆ. ಅದು ಯಾವುದೆಂದು ತಿಳಿದು ಇನ್ನೊಂದು ಪರೀಕ್ಷೆಯನ್ನು ಅಲ್ಲಿ ನಿಲ್ಲಿಸುವವನೇ ಜಾಣ.

ಇದು ಬರೀ ಅಂಕಿಗಳ ಆಟವಲ್ಲ. ನಾವು ಮ್ಯಾಟ್ರಿಕ್ ಮುಗಿಸಿ ಒಂದು ಅಡತಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ನಡೆದ ಸಂಗತಿ ಹೇಳುತ್ತೇವೆ. ಒಂದು ಸಂಜೆ ಕೀರ್ದಿಯ ಪ್ರಕಾರ ಇರಬೇಕಾದದ್ದಕ್ಕಿಂತ ಪೆಟ್ಟಿಗೆಯಲ್ಲಿ 270 ರೂಪಾಯಿ ಕಡಿಮೆ ಬಂತು. ನಗದು ಎಣಿಸಿಡುವ ಹುಡುಗ ಹದಿನೇಳು ವರ್ಷದವನು, ತಂದೆಯಿಲ್ಲದವನು. ಎಲ್ಲರ ಕಣ್ಣು ಅವನ ಮೇಲೆ. ಅವನ ಬಾಯಿ ಒಣಗಿತ್ತು. ವಯಸ್ಸಾದ ದಿವಾಣಜಿ ಮಾತ್ರ ಕನ್ನಡಕ ಏರಿಸಿ, ‘ಎರಡು ನೂರ ಎಪ್ಪತ್ತು ಒಂಬತ್ತರಿಂದ ಹೋಗುತ್ತದೆ. ಹುಡುಗನ ಕಿಸೆ ನೋಡುವ ಮೊದಲು ಪುಸ್ತಕ ನೋಡೋಣ’ ಎಂದರು. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಪಾವತಿ ಪುಸ್ತಕದ ಅರ್ಧಚೀಟಿಗಳನ್ನು ಒಂದೊಂದಾಗಿ ಕೀರ್ದಿಗೆ ಹೊಂದಿಸಿ ನೋಡಿದರು. ತೊಗರಿಯ ಬಾಬಿನಲ್ಲಿ ಬಂದ 5472, ಕೀರ್ದಿಯಲ್ಲಿ 5742 ಎಂದು ಕೂತಿತ್ತು. ವ್ಯತ್ಯಾಸ ಸರಿಯಾಗಿ 270.

ದಿವಾಣಜಿಯವರು ಒಂಬತ್ತರಿಂದ ಭಾಗ ಹೋಯಿತೆಂದು ಕೂಡಲೇ ‘ಹುಡುಗ ನಿರಪರಾಧಿ’ ಎಂದು ತೀರ್ಪು ಕೊಡಲಿಲ್ಲ, ಗಮನಿಸಿರಿ. ಕದ್ದ ಹಣವೂ 270 ಇರಬಹುದಲ್ಲ. ಒಂಬತ್ತು ಅವರಿಗೆ ಎಲ್ಲಿ ಮೊದಲು ಹುಡುಕಬೇಕೆಂದು ತೋರಿಸಿತು. ತೀರ್ಪು ಕೊಟ್ಟದ್ದು ಅರ್ಧಚೀಟಿ. ಈ ಎರಡರ ಅಂತರ ತಿಳಿಯದ ಕಾರಣ ಎಷ್ಟು ಮನೆಗಳಲ್ಲಿ, ಎಷ್ಟು ಅಂಗಡಿಗಳಲ್ಲಿ ಕಳ್ಳನಲ್ಲದವನು ಕಳ್ಳನಾಗಿದ್ದಾನೋ! ಲೆಕ್ಕ ಬಲ್ಲವನ ಕೈಯಲ್ಲಿ ಇನ್ನೊಬ್ಬರ ಮಾನವೂ ಇರುತ್ತದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಇದೇ ಗಣಿತಸಾರಸಂಗ್ರಹದಲ್ಲಿ ಆಚಾರ್ಯರು ಒಂದು ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದಿದ್ದಾರೆ. ಅದು ಸರಿಯಲ್ಲ. ತಾಳೆ ನೋಡಿರಿ. 12ನ್ನು 4ರಿಂದ ಭಾಗಿಸಿದರೆ 3. ಹಿಂದಕ್ಕೆ 3ನ್ನು 4ರಿಂದ ಗುಣಿಸಿದರೆ 12 ಮರಳಿ ಬರುತ್ತದೆ. 12ನ್ನು ಶೂನ್ಯದಿಂದ ಭಾಗಿಸಿ 12 ಎಂದರೆ, ಹಿಂದಕ್ಕೆ 12ನ್ನು ಶೂನ್ಯದಿಂದ ಗುಣಿಸಿದಾಗ 12 ಬರಬೇಕಿತ್ತು, ಬರುವುದು ಶೂನ್ಯ. ಆದ್ದರಿಂದ ಇಂದಿನ ಗಣಿತದಲ್ಲಿ ಶೂನ್ಯದಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂದು ಇಟ್ಟಿದ್ದಾರೆ. ಇದನ್ನು ಬರೆದುದರಿಂದ ಆಚಾರ್ಯರ ಮೇಲಿನ ನಮ್ಮ ಗೌರವ ಒಂದು ಗುಂಜಿಯಷ್ಟೂ ಇಳಿದಿಲ್ಲ. ಉತ್ತರ ತನ್ನಷ್ಟಕ್ಕೆ ತಾನೇ ಸರಿ ತಪ್ಪು ಹೇಳುವಂಥ ಹಾರದ ಲೆಕ್ಕಗಳನ್ನು ನಮ್ಮ ಕೈಗಿತ್ತವರು ಅವರೇ. ಅವರ ಮಾತನ್ನೂ ತಾಳೆ ನೋಡಿ ತೆಗೆದುಕೊಂಡರೆ ಅದು ಅವರ ಶಿಷ್ಯರಾದುದಕ್ಕೆ ಗುರುತು. ಮೊಬೈಲಿನಲ್ಲಿ ‘ನಮ್ಮ ಪ್ರಾಚೀನರಿಗೆ ಎಲ್ಲವೂ ಗೊತ್ತಿತ್ತು’ ಎಂದು ಬರುವ ಸಂದೇಶಗಳನ್ನು ಹತ್ತು ಮಂದಿಗೆ ಕಳಿಸುವುದಕ್ಕಿಂತ, ಅವರ ಒಂದು ಗುಣಾಕಾರವನ್ನು ಕೈಯಿಂದ ಮಾಡಿ ನೋಡುವುದು ಹೆಚ್ಚಿನ ಪುಣ್ಯವೆಂದು ನಮ್ಮ ಅಭಿಪ್ರಾಯ.

ಆಚಾರ್ಯರು ಗ್ರಂಥದ ಆರಂಭದಲ್ಲಿ ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಕೊಡುತ್ತಾರೆ. ಸಂಗೀತ, ನಾಟಕ, ವೈದ್ಯ, ವಾಸ್ತು ಇವುಗಳ ಸಾಲಿನಲ್ಲಿ ಅಡಿಗೆಯನ್ನೂ ಮರೆತಿಲ್ಲ. ಆದ್ದರಿಂದ ಈ ಪುಟ ಗಂಡಸರಿಗೆ, ಅಂಗಡಿಯವರಿಗೆ ಎಂದು ಸೋದರಿಯರು ಮುಂದಿನ ಪುಟಕ್ಕೆ ಹೋಗಬಾರದು. ಮಕ್ಕಳಿಗೆ ಮೊದಲ ಲೆಕ್ಕ ಕಲಿಸುವವರು ತಾಯಂದಿರೇ.

ಮಕ್ಕಳಿಗಾಗಿ ಈ ತಿಂಗಳ ಮೂರು ಲೆಕ್ಕ, ಮೂರೂ ಮಹಾವೀರಾಚಾರ್ಯರವೇ. ಯಂತ್ರ ಮುಟ್ಟಬಾರದು.

ಒಂದು: 12345679ನ್ನು 9ರಿಂದ ಗುಣಿಸಿರಿ. ಮೇಲಿನ ಸಂಖ್ಯೆಯಲ್ಲಿ ಎಂಟು ಇಲ್ಲ, ಅದು ಅಚ್ಚಿನ ತಪ್ಪಲ್ಲ.

ಎರಡು: 152207ನ್ನು 73ರಿಂದ ಗುಣಿಸಿರಿ.

ಮೂರು: 142857143ನ್ನು 7ರಿಂದ ಗುಣಿಸಿರಿ.

ಮೂರರಲ್ಲೂ ಕೊನೆಗೆ ಹಾರ ಸಿಗಬೇಕು. ಸಿಗದಿದ್ದರೆ ಅಪ್ಪನನ್ನು ಕೇಳದೆ ಮತ್ತೊಮ್ಮೆ ಗುಣಿಸಿರಿ. ದೊಡ್ಡ ಮಕ್ಕಳಿಗೆ ಇನ್ನೊಂದು ಪ್ರಶ್ನೆ: ಎರಡನೆಯ ಲೆಕ್ಕದಲ್ಲಿ ಎರಡು ಸಂಖ್ಯೆಗಳ ಪೈಕಿ ಯಾವುದನ್ನು ತಪ್ಪಾಗಿ ಬರೆದುಕೊಂಡರೆ ಹನ್ನೊಂದರ ತಾಳೆಗೆ ಕಾಣುವುದಿಲ್ಲ, ಮತ್ತು ಏಕೆ? ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಆ ಉತ್ತರವನ್ನೂ ತಾಳೆ ನೋಡಿಯೇ ಒಪ್ಪಿಕೊಳ್ಳಿರಿ.